22 ನಿಮಿಷದ ಒಂದು ಬದಿ

ಈ ಮೇಜಿನ ಮೇಲೆ ಟರ್ನ್‌ಟೇಬಲ್ ಇದೆ, ಅಲ್ಲಿ ಎರಡು ಸ್ಪೀಕರ್ ಇವೆ. ಆದರೆ ನಡುವಿನ ಆಂಪ್ಲಿಫೈಯರ್ ಆಫ್ ಮಾಡಿಟ್ಟಿದ್ದೇನೆ. ಹಾಗೇ ಸೂಜಿ ಇಳಿಸುತ್ತೇನೆ. ಮುಂದಿನ ಸಾಲಿನವರು ಸ್ವಲ್ಪ ಹತ್ತಿರ ಬನ್ನಿ. ಆ ಫ್ಯಾನ್ ಒಂದು ನಿಮಿಷ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಕೇಳಿಸ್ತಾ? ಸೊಳ್ಳೆ ಗುಂಯ್ ಅಂದ ಹಾಗೆ ಸಣ್ಣ ದನಿ. ಅದು ಸ್ಪೀಕರಿನದ್ದಲ್ಲ, ಸೂಜಿಯ ತುದಿಯದ್ದು. ಇಷ್ಟು ಸಣ್ಣ ದನಿಯಲ್ಲೂ ಹಾಡುತ್ತಿರುವವರು ಹೆಂಗಸು ಅಂತ ಗೊತ್ತಾಗುತ್ತದೆ, ಹಿಂದೆ ತಾಳ ಇದೆ ಅಂತಲೂ ಗೊತ್ತಾಗುತ್ತದೆ.

ನನಗೆ ರೆಕಾರ್ಡಿನ ಹುಚ್ಚು ಹಿಡಿದಿದ್ದು ಈ ದನಿ ಕೇಳಿದ ದಿನ. ಅವತ್ತು ಸ್ಪೀಕರ್ ಆನ್ ಮಾಡುವ ಮೊದಲೇ ಸೂಜಿ ಇಳಿಸಿದ್ದೆ. ತಟ್ಟೆಯ ಹತ್ತಿರ ಬಗ್ಗಿದಾಗ ಹಾಡು ಕೇಳಿಸಿತು. ಅಲ್ಲಿಯವರೆಗೆ ಹಾಡು ಎಲ್ಲೋ ಒಳಗೆ, ನನಗೆ ಅರ್ಥವಾಗದ ಯಾವುದೋ ರೂಪದಲ್ಲಿ ಇರುತ್ತದೆ ಅಂದುಕೊಂಡಿದ್ದೆ. ಅದು ಇಲ್ಲೇ ಇದೆ, ಪ್ಲಾಸ್ಟಿಕ್ಕಿನ ಮೇಲೆ ಕೆತ್ತಿದ ಆಕಾರವಾಗಿ ಇದೆ ಅಂತ ಗೊತ್ತಾದಾಗ ಆದ ಖುಷಿ ಇವತ್ತಿಗೂ ಇಳಿದಿಲ್ಲ.

1877ರಲ್ಲಿ ಎಡಿಸನ್ ಉರುಳೆಗೆ ತವರದ ತೆಳು ಹಾಳೆ ಸುತ್ತಿ ಅದರ ಮೇಲೆ ದನಿ ಮೂಡಿಸಿದ. ಹತ್ತು ವರ್ಷದ ಮೇಲೆ, 1887ರಲ್ಲಿ, ಎಮಿಲ್ ಬರ್ಲಿನರ್ ಗ್ರಾಮಫೋನಿಗೆ ಪೇಟೆಂಟ್ ಪಡೆದ. ಮುಂದೆ ಅವನ ದಾರಿಯಲ್ಲೇ ಉರುಳೆ ಹೋಗಿ ಚಪ್ಪಟೆ ತಟ್ಟೆ ಬಂತು. ತಟ್ಟೆಯಾದರೆ ಒಂದು ಅಚ್ಚಿನಿಂದ ನೂರಾರು ಒತ್ತಬಹುದು. ಅವತ್ತಿನಿಂದ ಇವತ್ತಿನವರೆಗೆ ಮೂಲ ಕೆಲಸ ಬದಲಾಗಿಲ್ಲ. ಗಾಳಿ ಅಲುಗಿದ ಹಾಗೆ ಒಂದು ಜಾಡು ಕೊರೆಯಬೇಕು. ಆಮೇಲೆ ಆ ಜಾಡಿನಲ್ಲಿ ಮುಳ್ಳು ಓಡಿಸಿದರೆ ಮುಳ್ಳು ಅದೇ ರೀತಿ ಅಲುಗುತ್ತದೆ. ಅಷ್ಟೇ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. 1977ರಲ್ಲಿ ಎರಡು ವಾಯೇಜರ್ ನೌಕೆಗಳ ಜೊತೆ ಬಾಹ್ಯಾಕಾಶಕ್ಕೆ ಸಂಗೀತ ಕಳಿಸಿದರಲ್ಲ, ಅದೂ ರೆಕಾರ್ಡೇ. ತಾಮ್ರದ ತಟ್ಟೆ, ಮೇಲೆ ಚಿನ್ನದ ಲೇಪ. ಓಡುವ ವೇಗ ನಿಮಿಷಕ್ಕೆ 16⅔ ಸುತ್ತು. ಅದರಲ್ಲಿ ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಅವರ ದನಿ ಇದೆ, ಭೈರವಿ ಹಾಡಿದ್ದಾರೆ. ಜೊತೆಗೆ ಸೂಜಿಯನ್ನೂ ಅದು ಕೂರುವ ಕಾರ್ಟ್ರಿಡ್ಜನ್ನೂ ಇಟ್ಟಿದ್ದಾರೆ, ಹೇಗೆ ನುಡಿಸಬೇಕು ಅಂತ ಕವರಿನ ಮೇಲೆ ಚಿತ್ರ ಕೆತ್ತಿದ್ದಾರೆ. ನಮ್ಮ ಭಾಷೆ ಗೊತ್ತಿಲ್ಲದವರು ಅದನ್ನು ಎತ್ತಿಕೊಂಡರೂ ತಿರುಗಿಸಿ ಸೂಜಿ ಇಟ್ಟರೆ ಸಾಕು, ಕೇಸರಬಾಯಿ ಹಾಡುತ್ತಾರೆ. ಮಲಗುವ ಮುಂಚೆ ಇದನ್ನು ನೆನೆಸಿಕೊಳ್ಳುವುದು ನನಗೆ ತುಂಬಾ ಇಷ್ಟ.

ಈಗ ಈ ತಟ್ಟೆಯನ್ನು ನೋಡಿ. ದೀಪಕ್ಕೆ ಸ್ವಲ್ಪ ಓರೆಯಾಗಿ ಹಿಡಿಯುತ್ತೇನೆ. ಎಲ್ಲಾ ಕಡೆ ಒಂದೇ ಕಪ್ಪು ಅಲ್ಲ, ಅಲ್ವಾ? ಕೆಲವು ಕಡೆ ನುಣ್ಣಗೆ, ರೇಷ್ಮೆಯ ಹಾಗೆ. ಕೆಲವು ಕಡೆ ಬೂದು ಬಣ್ಣದ ತರಿ. ನುಣ್ಣಗಿರುವಲ್ಲಿ ದನಿ ಮೆಲ್ಲಗಿದೆ, ತರಿ ಇರುವಲ್ಲಿ ಜೋರಾಗಿದೆ. ಅಮೆರಿಕದಲ್ಲಿ ಆರ್ಥರ್ ಲಿಂಟ್‌ಜನ್ ಅಂತ ಒಬ್ಬ ಡಾಕ್ಟರು, ಲೇಬಲ್ ಮುಚ್ಚಿಕೊಟ್ಟರೂ ಜಾಡು ನೋಡಿಯೇ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಯಾವ ಕೃತಿ ಅಂತ ಹೇಳುತ್ತಿದ್ದರು. ಪವಾಡಗಳ ಬಣ್ಣ ಬಯಲು ಮಾಡುತ್ತಿದ್ದ ಜೇಮ್ಸ್ ರ‍್ಯಾಂಡಿ ಅವರನ್ನು ಪರೀಕ್ಷೆ ಮಾಡಿ, ಹೌದು, ಇದು ನಿಜ ಅಂತ ಒಪ್ಪಿಕೊಂಡರು. ಕೃತಿಯ ಎಲ್ಲೆಲ್ಲಿ ಜೋರು, ಎಲ್ಲೆಲ್ಲಿ ಮೆಲ್ಲಗೆ ಅನ್ನುವುದು ಆ ಡಾಕ್ಟರಿಗೆ ಬಾಯಿಪಾಠ. ನನಗೆ ಅಷ್ಟು ಬರುವುದಿಲ್ಲ. ಆದರೆ ಈ ಬದಿಯ ನಾಲ್ಕನೇ ಹಾಡು ಎಲ್ಲಿ ಏರುತ್ತದೆ ಅಂತ ಕಣ್ಣಲ್ಲೇ ತೋರಿಸಬಲ್ಲೆ. ಇಲ್ಲಿ, ಈ ಅಗಲದ ಪಟ್ಟಿ.

ಇದೆಲ್ಲ ಒಂದೇ ಜಾಡು. ಹೊರ ಅಂಚಿನಿಂದ ಒಳಕ್ಕೆ ಸುರುಳಿ ಸುತ್ತಿಕೊಂಡು ಹೋಗುತ್ತದೆ. ಎಷ್ಟು ಉದ್ದ ಇರಬಹುದು? ಲೆಕ್ಕ ಹಾಕೋಣ. ನಿಮಿಷಕ್ಕೆ 33⅓ ಸುತ್ತು, 22 ನಿಮಿಷ. ಒಟ್ಟು 733 ಸುತ್ತು. ಹೊರಗಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಸರಾಸರಿ ಒಂದು ಸುತ್ತಿಗೆ 65 ಸೆಂಟಿಮೀಟರ್ ಹಿಡಿಯಿರಿ. ಸುಮಾರು 475 ಮೀಟರ್ ಆಯಿತು. ಅಂದರೆ ಒಂದು ಬದಿ ಕೇಳಿ ಮುಗಿಸುವಷ್ಟರಲ್ಲಿ ಸೂಜಿ ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ನಡೆದಿರುತ್ತದೆ. ಸ್ಟೀರಿಯೊ ತಟ್ಟೆಯಾದರೆ ಜಾಡಿನ ಎರಡು ಗೋಡೆಗೂ ಬೇರೆ ಬೇರೆ ಕೆಲಸ. ಒಳಗೋಡೆಯಲ್ಲಿ ಎಡಗಡೆಯ ದನಿ, ಹೊರಗೋಡೆಯಲ್ಲಿ ಬಲಗಡೆಯ ದನಿ. ಒಂದೇ ಸೂಜಿ ಎರಡನ್ನೂ ಒಟ್ಟಿಗೆ ಓದುತ್ತದೆ. ಈ ಉಪಾಯಕ್ಕೆ ಬ್ರಿಟನ್ನಿನ ಅಲನ್ ಬ್ಲಮ್ಲೈನ್ 1931ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ್ದರು. ಸ್ಟೀರಿಯೊ ತಟ್ಟೆಗಳು ಅಂಗಡಿಗೆ ಬಂದದ್ದು 1958ರ ಹೊತ್ತಿಗೆ.

ಈಗ ನಾನು ನಿಜವಾಗಿ ಹೇಳಬೇಕು ಅಂದುಕೊಂಡು ಬಂದ ವಿಷಯ. ಅದು 'ಬದಿ'.

ಎಲ್‌ಪಿ, ಅಂದರೆ ಈ 'ಲಾಂಗ್ ಪ್ಲೇ' ತಟ್ಟೆ, ಬರುವ ಮೊದಲು ಇದ್ದದ್ದು ನಿಮಿಷಕ್ಕೆ 78 ಸುತ್ತು ಓಡುವ ತಟ್ಟೆ. ಅರಗಿನಿಂದ ಮಾಡಿದ್ದು, ಕೈ ಜಾರಿದರೆ ಚೂರು. ಹತ್ತು ಇಂಚಿನ ತಟ್ಟೆಯ ಒಂದು ಬದಿಗೆ ಮೂರು ನಿಮಿಷದ ಸುಮಾರು. ಉದ್ದದ ಕೃತಿಯಾದರೆ ನಡುವೆ ಕಡಿದು, ಎದ್ದು, ತಿರುಗಿಸಿ ಹಾಕಬೇಕು. ಆಮೇಲೆ ಇನ್ನೊಂದು ತಟ್ಟೆ. ಒಂದು ಕೃತಿಗೆ ಬೇಕಾದ ಐದಾರು ತಟ್ಟೆಗಳನ್ನು ಫೋಟೊ ಆಲ್ಬಮ್ಮಿನ ಹಾಗೆ ಪುಸ್ತಕ ಕಟ್ಟಿ ಮಾರುತ್ತಿದ್ದರು. ಇವತ್ತಿಗೂ ನಾವು 'ಆಲ್ಬಮ್' ಅನ್ನುವುದು ಅದಕ್ಕೇ. ಆ ಪುಸ್ತಕಗಳ ರಟ್ಟು ಮೊದಲು ಬೋಳು ಕಂದು ಬಣ್ಣದ್ದು. 1940ರ ಸುಮಾರಿಗೆ ಕೊಲಂಬಿಯಾ ಕಂಪನಿಯಲ್ಲಿದ್ದ ಅಲೆಕ್ಸ್ ಸ್ಟೈನ್‌ವೈಸ್ ಅನ್ನುವ ಯುವಕ ಅದರ ಮೇಲೆ ಚಿತ್ರ ಬಿಡಿಸಿದರೆ ಹೇಗೆ ಅಂತ ಕೇಳಿದ. ಕವರಿನ ಕಲೆ ಶುರುವಾಗಿದ್ದು ಅಲ್ಲಿಂದ.

1948ರ ಜೂನ್‌ನಲ್ಲಿ ಅದೇ ಕೊಲಂಬಿಯಾ ಎಲ್‌ಪಿ ಹೊರತಂದಿತು. ವಿನೈಲ್ ತಟ್ಟೆ, ಸಣ್ಣ ಜಾಡು, ನಿಧಾನದ ವೇಗ. ಒಂದು ಬದಿಗೆ 22 ನಿಮಿಷದ ಆಸುಪಾಸು. ಮರುವರ್ಷ ಆರ್‌ಸಿಎ ವಿಕ್ಟರ್ ಏಳು ಇಂಚಿನ, 45ರ ವೇಗದ ಪುಟ್ಟ ತಟ್ಟೆ ತಂದಿತು. ಅದು ಬಿಡಿ ಹಾಡುಗಳ ಲೋಕ, ಇನ್ನೊಮ್ಮೆ ಮಾತಾಡೋಣ.

22 ನಿಮಿಷ ಅನ್ನುವುದು ವಿಚಿತ್ರ ಅಳತೆ. ಕೂತು ಕೇಳಲು ಆಗುವಷ್ಟು ಚಿಕ್ಕದು, ಮನಸ್ಸು ಒಂದು ಹದಕ್ಕೆ ಬರುವಷ್ಟು ದೊಡ್ಡದು. ನಾಲ್ಕೈದು ಹಾಡು ಹಿಡಿಯುತ್ತದೆ. ಯಾವುದು ಮೊದಲು, ಯಾವುದು ಕೊನೆ ಅಂತ ಯಾರೋ ಕೂತು ಯೋಚನೆ ಮಾಡಿರುತ್ತಾರೆ. ಅದರಲ್ಲಿ ಅರ್ಧ ಯೋಚನೆ ಆ ತಟ್ಟೆಯೇ ಮಾಡಿಸಿದ್ದು. ಹೇಗೆ ಅಂತೀರಾ? ಹೊರ ಅಂಚಿನಲ್ಲಿ ಒಂದು ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಜಾಡು ಸೂಜಿಯ ಕೆಳಗೆ ಹರಿದುಹೋಗುತ್ತದೆ. ಒಳಕ್ಕೆ, ಲೇಬಲಿನ ಹತ್ತಿರ, ಬರೀ 21. ಅದೇ ಒಂದು ಸೆಕೆಂಡಿನ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಅದಕ್ಕೇ ಬದಿಯ ಕೊನೆಯಲ್ಲಿ 'ಸ', 'ಶ' ಅಕ್ಷರಗಳು ಬಂದಾಗ ಕೆಲವು ತಟ್ಟೆ ಎಣ್ಣೆಗೆ ನೀರು ಬಿದ್ದ ಹಾಗೆ ಚುರ್ ಅನ್ನುತ್ತವೆ. ಇದು ಗೊತ್ತಿದ್ದವರು ಏನು ಮಾಡುತ್ತಿದ್ದರು? ಅಬ್ಬರದ ಹಾಡು ಮೊದಲಿಗೆ, ಹೊರಗೆ. ಮೆಲ್ಲಗಿನ ಹಾಡು ಕೊನೆಗೆ, ಒಳಗೆ. ಎಷ್ಟೋ ಆಲ್ಬಮ್ಮುಗಳ ಒಂದೊಂದು ಬದಿ ತಣ್ಣಗೆ, ದೀಪ ಸಣ್ಣ ಮಾಡಿದ ಹಾಗೆ ಮುಗಿಯುವುದು ನಿಮಗೆ ನೆನಪಿರಬಹುದು. ಅದಕ್ಕೆ ಇದೂ ಒಂದು ಕಾರಣ.

ಈ ತಟ್ಟೆಯ ನಾಲ್ಕನೇ ಹಾಡಿನ ಕಥೆ ಹೇಳುತ್ತೇನೆ. ಇದನ್ನು ನಾನು ಕೊಂಡದ್ದು ಮೊದಲ ಹಾಡಿಗಾಗಿ. ನಾಲ್ಕನೆಯದು ನನಗೆ ಹಿಡಿಸಲಿಲ್ಲ. ನಿಧಾನ, ಎಲ್ಲಿಗೂ ಹೋಗುವುದಿಲ್ಲ ಅನ್ನಿಸುತ್ತಿತ್ತು. ಫೋನಿನಲ್ಲಿ ಆಗಿದ್ದರೆ ಎರಡನೇ ಸಲವೇ ದಾಟಿಸಿಬಿಡುತ್ತಿದ್ದೆ. ಇಲ್ಲಿ ದಾಟಿಸಬೇಕಾದರೆ ಏಳಬೇಕು, ಸೂಜಿ ಹಿಡಿದ ತೋಳು ಎತ್ತಬೇಕು, ಕೈ ನಡುಗದ ಹಾಗೆ ಸರಿಯಾದ ಗೆರೆಯ ಮೇಲೆ ಇಳಿಸಬೇಕು. ಅದರ ಬದಲು ಸುಮ್ನೆ ಕೂತೆ. ಹೀಗೆ ಹದಿನೈದೋ ಇಪ್ಪತ್ತೋ ಸಲ ಕೂತಿರಬೇಕು. ಒಂದು ದಿನ ಮೂರನೇ ಹಾಡು ಮುಗಿದು ಆ ಎರಡು ಕ್ಷಣದ ಮೌನ ಬಂತು. ಆಗ ನಾಲ್ಕನೆಯದಕ್ಕಾಗಿ ಕಾಯುತ್ತಿದ್ದೇನೆ ಅಂತ ನನಗೇ ಗೊತ್ತಾಯಿತು. ಈಗ ಈ ತಟ್ಟೆ ಹಾಕುವುದೇ ಅದಕ್ಕಾಗಿ. ನನ್ನ ಪ್ರೀತಿಯ ಹಾಡುಗಳಲ್ಲಿ ಎಷ್ಟೋ ಹೀಗೆ ಸಿಕ್ಕಿದ್ದು. ನಾನು ಆರಿಸಿಕೊಂಡದ್ದಲ್ಲ. ಅವು ಇದ್ದ ಬದಿಯಲ್ಲಿ ನಾನು ಕೂತಿದ್ದೆ.

ಈಗ ಯಾರಾದರೂ ಕೇಳೇ ಕೇಳುತ್ತೀರಿ: ರೆಕಾರ್ಡಿನ ದನಿ ಸಿಡಿಗಿಂತ ಚೆನ್ನಾಗಿರುತ್ತದಾ? ಅಳತೆ ಪ್ರಕಾರ ಇಲ್ಲ. 1982ರಲ್ಲಿ ಬಂದ ಸಿಡಿಯಲ್ಲಿ ಅತಿ ಮೆಲ್ಲಗಿನ ದನಿಗೂ ಅತಿ ಜೋರಿನದಕ್ಕೂ ನಡುವಿನ ಅಂತರ 96 ಡೆಸಿಬಲ್. ಒಳ್ಳೆಯ ಎಲ್‌ಪಿಯಲ್ಲಿ 70ರ ಹತ್ತಿರ ಸಿಕ್ಕರೆ ದೊಡ್ಡದು. ತಟ್ಟೆಗೆ ಇನ್ನೂ ಎಷ್ಟೋ ಕಟ್ಟುಪಾಡು ಇದೆ. ಬೇಸ್ ದನಿಯನ್ನು ಎರಡು ಕಡೆ ಬೇರೆ ಬೇರೆಯಾಗಿ ಜೋರಾಗಿ ಕೊರೆದರೆ ಸೂಜಿ ಹಾರಿಬಿಡುತ್ತದೆ, ಹಾಗಾಗಿ ಅದನ್ನು ನಡುವಿಗೆ ತರುತ್ತಾರೆ. ಕೊರೆಯುವಾಗ ಬೇಸ್ ತಗ್ಗಿಸಿ, ಕೀರಲು ದನಿಯನ್ನು ಎತ್ತುತ್ತಾರೆ. ನುಡಿಸುವಾಗ ಅದನ್ನು ತಿರುವುಮುರುವು ಮಾಡಿ ಸರಿಮಾಡಬೇಕು. ಎಷ್ಟು ತಗ್ಗಿಸಬೇಕು, ಎಷ್ಟು ಎತ್ತಬೇಕು ಅನ್ನುವುದಕ್ಕೆ 1954ರಲ್ಲಿ ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘವಾದ ಆರ್‌ಐಎಎ ಒಂದೇ ಲೆಕ್ಕ ನಿಗದಿ ಮಾಡಿತು. ಅದಕ್ಕೆ ಆರ್‌ಐಎಎ ಕರ್ವ್ ಅಂತಾರೆ. ಆಂಪ್ಲಿಫೈಯರಿನ ಹಿಂದೆ 'ಫೋನೊ' ಅಂತ ಬರೆದ ಜಾಗ ಇರುವುದು ಇದಕ್ಕೇ. ಹೊಸದಾಗಿ ಶುರುಮಾಡುವವರು ಇದನ್ನು ಮರೆಯಬೇಡಿ. ನಾನು ಮೊದಲ ಸಲ ಬೇರೆ ತೂತಿಗೆ ವೈರ್ ಸಿಕ್ಕಿಸಿ, ಒಂದು ವಾರ ತಗಡಿನ ಡಬ್ಬದಂಥ ದನಿ ಕೇಳಿದ್ದೆ. ಟರ್ನ್‌ಟೇಬಲ್ಲೇ ಕೆಟ್ಟಿದೆ ಅಂತ ಬೇಜಾರಾಗಿತ್ತು. ಸರಿಯಾದ ಜಾಗಕ್ಕೆ ಹಾಕಿದ ಸಂಜೆ ಮೃದಂಗ ಮನೆಯೊಳಗೆ ಬಂದು ಕೂತ ಹಾಗಾಯಿತು.

ಹಾಗಾದರೆ ರೆಕಾರ್ಡ್ ಯಾಕೆ ಅಂದರೆ, ನಾನು ಅಳತೆಗಾಗಿ ಕೇಳುವುದಿಲ್ಲ. ಈ ಕಟ್ಟುಪಾಡಿನೊಳಗೆ ಚೆನ್ನಾಗಿ ಕೊರೆದ ತಟ್ಟೆಯಲ್ಲಿ ಹಾಡುವ ದನಿಗೆ ಒಂದು ಮೈ ಇರುತ್ತದೆ. ಹತ್ತಿರದಲ್ಲಿ ಕೂತು ಹಾಡಿದ ಹಾಗೆ ಕೇಳಿಸುತ್ತದೆ. ಇದು ಹಳಬರ ಗೀಳು ಅಂತ ಮಾತ್ರ ಅಂದುಕೊಳ್ಳಬೇಡಿ. 2022ರಲ್ಲಿ ಅಮೆರಿಕದಲ್ಲಿ 4.1 ಕೋಟಿ ರೆಕಾರ್ಡ್ ಮಾರಾಟವಾದವು, ಸಿಡಿ 3.3 ಕೋಟಿ. 1987ರ ನಂತರ ಎಣಿಕೆಯಲ್ಲಿ ರೆಕಾರ್ಡ್ ಸಿಡಿಯನ್ನು ದಾಟಿದ್ದು ಅದೇ ಮೊದಲು.

ಸಂಗ್ರಹದ ಮಾತಿಗೆ ಬರುತ್ತೇನೆ. ಹಳೆಯ ತಟ್ಟೆ ಕೈಗೆ ಬಂದರೆ ನಾನು ಮೊದಲು ನೋಡುವುದು ಕವರ್ ಅಲ್ಲ. ನಡುವಿನ ತೂತು. ಈ ಲೇಬಲ್ ನೋಡಿ. ತೂತಿನ ಸುತ್ತ ಕೂದಲೆಳೆಯಂಥ ಬಿಳಿ ಗೆರೆಗಳು ಕಾಣಿಸುತ್ತವಾ? ತಟ್ಟೆಯನ್ನು ಟರ್ನ್‌ಟೇಬಲಿನ ನಡುವಿನ ಕಡ್ಡಿಗೆ ಕೂರಿಸುವಾಗ ತೂತು ಸಿಗದೆ ತಡಕಾಡಿದ ಗುರುತು ಅದು. ಒಂದೊಂದು ಗೆರೆಯೂ ಒಂದು ಸಂಜೆ. ಮೊದಲ ಬದಿಯಲ್ಲಿ ಗೆರೆ ಜಾಸ್ತಿ, ಎರಡನೆಯದರಲ್ಲಿ ಕಡಿಮೆ ಇದ್ದರೆ ಆ ಮನೆಯಲ್ಲಿ ಯಾವ ಬದಿ ಇಷ್ಟ ಅಂತ ತಿಳಿಯುತ್ತದೆ. ನನ್ನ ಹತ್ತಿರ ಒಂದು ತಟ್ಟೆ ಇದೆ. ಅದರ ಕವರಿನ ಹಿಂದೆ ಯಾರೋ ಪೆನ್ಸಿಲಿನಲ್ಲಿ ಮೂರನೇ ಹಾಡಿಗೆ ಒಂದು ಗುರುತು ಹಾಕಿ, ಆಮೇಲೆ ಅಳಿಸಿ, ಐದನೆಯದಕ್ಕೆ ಹಾಕಿದ್ದಾರೆ. ಅವರು ಯಾರು ಅಂತ ನನಗೆ ಗೊತ್ತಾಗುವುದೇ ಇಲ್ಲ. ಆದರೆ ಅವರು ಮನಸ್ಸು ಬದಲಿಸಿದ್ದು ಗೊತ್ತು. ಆ ತಟ್ಟೆ ಹಾಕಿದಾಗಲೆಲ್ಲ ಮೂರು ಕೇಳುತ್ತೇನೆ, ಐದು ಕೇಳುತ್ತೇನೆ, ಯಾಕೆ ಬದಲಿಸಿದರು ಅಂತ ಯೋಚಿಸುತ್ತೇನೆ. ನನಗೆ ಈಗಲೂ ಮೂರನೆಯದೇ ಇಷ್ಟ.

ಆಮೇಲೆ ಹಾಡು ಮುಗಿದು ಲೇಬಲ್ ಶುರುವಾಗುವ ನಡುವಿನ ಖಾಲಿ ಜಾಗ. ಅಲ್ಲಿ ಅಂಕಿ-ಅಕ್ಷರ ಗೀಚಿರುತ್ತಾರೆ. ಯಾವ ಮೂಲದಿಂದ ಒತ್ತಿದ್ದು ಅಂತ ಹೇಳುವ ಗುರುತು. ಕೊರೆದವರು ಕೆಲವೊಮ್ಮೆ ತಮ್ಮ ಸಹಿಯನ್ನೂ ಹಾಕುತ್ತಿದ್ದರು. ಇಂಗ್ಲೆಂಡಿನ ಜಾರ್ಜ್ ಪೆಕಮ್ ತಮ್ಮ ಕೈಯಿಂದ ಹೋದ ತಟ್ಟೆಗಳಲ್ಲಿ 'ಎ ಪೋರ್ಕಿ ಪ್ರೈಮ್ ಕಟ್' ಅಂತ ಗೀಚುತ್ತಿದ್ದರು. ಹಾಡಿದವರ ಹೆಸರು ಎಲ್ಲರಿಗೂ ಗೊತ್ತು. ಆ ಹಾಡನ್ನು ಜಾಡಿಗೆ ಇಳಿಸಿದ ಕೈಯ ಗುರುತು ಸಿಗುವುದು ಇಲ್ಲಿ ಮಾತ್ರ.

ಆ ಕೆಲಸ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳಬೇಕು. ಅಲ್ಯೂಮಿನಿಯಂ ತಟ್ಟೆಗೆ ಲ್ಯಾಕರ್ ಅನ್ನುವ ಮೆತ್ತನೆಯ ಮೆರುಗಿನ ಲೇಪ ಬಳಿದಿರುತ್ತಾರೆ. ಬಿಸಿ ಮಾಡಿದ ಮೊನೆಯಿಂದ ಅದರ ಮೇಲೆ ಜಾಡು ಕೊರೆಯುತ್ತಾರೆ. ಅದಕ್ಕೆ ಬೆಳ್ಳಿಯ ತೆಳು ಲೇಪ, ಮೇಲೆ ನಿಕ್ಕೆಲ್. ಆ ನಿಕ್ಕೆಲ್ ಪದರ ಬಿಡಿಸಿದರೆ ಜಾಡು ಇದ್ದಲ್ಲಿ ಏಣು ಬಂದಿರುತ್ತದೆ. ಅದರಿಂದ ಮರಿ ಅಚ್ಚುಗಳು, ಆ ಅಚ್ಚುಗಳಿಂದ ನಮ್ಮ ತಟ್ಟೆಗಳು. 2020ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಅಪೊಲೊ ಮಾಸ್ಟರ್ಸ್ ಕಾರ್ಖಾನೆ ಸುಟ್ಟುಹೋಯಿತು. ಲ್ಯಾಕರ್ ತಟ್ಟೆ ತಯಾರಿಸುವ ದೊಡ್ಡ ಕಾರ್ಖಾನೆಗಳು ಆಗ ಇದ್ದದ್ದೇ ಎರಡು, ಇನ್ನೊಂದು ಜಪಾನಿನಲ್ಲಿ. ಆ ಸುದ್ದಿ ಓದಿದಾಗ ಹತ್ತಿರದವರಿಗೆ ಏನೋ ಆದಷ್ಟು ಸಂಕಟವಾಯಿತು.

ಅಚ್ಚು ಒತ್ತಿದಷ್ಟೂ ಸವೆಯುತ್ತದೆ. ಹಾಗಾಗಿ ಮೊದಲ ಒತ್ತುಗಳಿಗೆ ಬೇಡಿಕೆ ಹೆಚ್ಚು. ಅದರಲ್ಲಿ ನ್ಯಾಯ ಇದೆ. ಆದರೆ ಮೊದಲ ಒತ್ತು ಅಂದ ಮಾತ್ರಕ್ಕೆ ಚೆನ್ನಾಗಿರಬೇಕು ಅಂತಿಲ್ಲ, ಆಮೇಲೆ ಚೆನ್ನಾಗಿ ಕೊರೆದದ್ದೂ ಇರುತ್ತದೆ. 180 ಗ್ರಾಂ ತೂಕದ ದಪ್ಪ ತಟ್ಟೆಯೂ ಅಷ್ಟೇ. ಕೈಯಲ್ಲಿ ಹಿಡಿಯಲು ಸೊಗಸು, ಆದರೆ ತೂಕ ದನಿ ಕೊಡುವುದಿಲ್ಲ. ಇನ್ನು ಪ್ಲಾಸ್ಟಿಕ್ ಕವರ್ ಬಿಚ್ಚದೆ ಸೀಲ್ ಹಾಗೇ ಇಟ್ಟು ಕಾಪಾಡುವವರು ಇದ್ದಾರೆ. ಅವರ ಜೊತೆ ನನಗೆ ಜಗಳ ಇಲ್ಲ, ಆದರೆ ಆ ತಟ್ಟೆಗಳನ್ನು ನೆನೆದರೆ ಬೇಸರ ಆಗುತ್ತದೆ. ಒಳಗೆ ಯಾರೋ 22 ನಿಮಿಷ ಹಾಡಲು ಕಾದು ಕೂತಿದ್ದಾರೆ.

ಜೋಪಾನದ ಬಗ್ಗೆ ನಾಲ್ಕು ಮಾತು ಸಾಕು. ತಟ್ಟೆಗಳನ್ನು ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ. ಬಿಸಿಲಿಗೆ ಇಡಬೇಡಿ. ಕಿಟಕಿಯ ಹತ್ತಿರ ಒಂದು ಮಧ್ಯಾಹ್ನ ಬಿಟ್ಟ ನನ್ನ ಒಂದು ತಟ್ಟೆ ಹಪ್ಪಳದ ಹಾಗೆ ಸೊಟ್ಟಗಾಯಿತು. ಅದನ್ನು ಇನ್ನೂ ಎಸೆದಿಲ್ಲ. ಪ್ರತಿ ಸಲ ಹಾಕುವ ಮೊದಲು ಕಾರ್ಬನ್ ಎಳೆಯ ಬ್ರಷ್ಷಿನಿಂದ ಧೂಳು ತೆಗೆಯಿರಿ. ಅರಗಿನ 78ರ ತಟ್ಟೆಗೆ ಮಾತ್ರ ಯಾವತ್ತೂ ಸ್ಪಿರಿಟ್ ಹಚ್ಚಬೇಡಿ, ಅರಗು ಕರಗಿಹೋಗುತ್ತದೆ. ಎಲ್‌ಪಿಯ ಸೂಜಿಯಲ್ಲಿ 78 ನುಡಿಸುವುದೂ ತಪ್ಪು, ಆ ಜಾಡು ಅದಕ್ಕಿಂತ ತುಂಬಾ ಅಗಲ.

ಕೊನೆಗೆ ಈ ತಟ್ಟೆಯ ಎರಡನೇ ಬದಿ ಪೂರ್ತಿ ಕೇಳೋಣ. ಆಂಪ್ಲಿಫೈಯರ್ ಈಗ ಆನ್ ಮಾಡುತ್ತೇನೆ. ಅದಕ್ಕೂ ಮೊದಲು ನಿಮ್ಮ ಕಿವಿಗೆ ಒಂದು ಕೆಲಸ ಕೊಡುತ್ತೇನೆ. ಈ ಬದಿಯ ಮೊದಲ ಹಾಡು ವಾದ್ಯವಿಲ್ಲದೆ, ತಾರಸ್ಥಾಯಿಯಲ್ಲಿ ಒಮ್ಮೆಲೇ ಎತ್ತಿಕೊಳ್ಳುತ್ತದೆ. ಅಷ್ಟು ಜೋರಾದ ಜಾಡು ಕೊರೆಯುವಾಗ ಲ್ಯಾಕರ್ ಮೆತ್ತಗಿರುತ್ತದಲ್ಲ, ಪಕ್ಕದ ಸುತ್ತಿನ ಗೋಡೆಯೂ ಸ್ವಲ್ಪ ಸರಿದಿರುತ್ತದೆ. ಆ ಪಕ್ಕದ ಸುತ್ತು ಮೌನದ ಸುತ್ತು. ಆ ಮೌನಕ್ಕೆ ಮುಂದೆ ಬರುವ ಹಾಡಿನ ಗುರುತು ಬಿದ್ದಿರುತ್ತದೆ. ಒಂದು ಸುತ್ತಿಗೆ 1.8 ಸೆಕೆಂಡ್. ಹಾಗಾಗಿ ಆಕೆ ಬಾಯಿ ತೆರೆಯುವ 1.8 ಸೆಕೆಂಡ್ ಮೊದಲೇ, ತುಂಬಾ ದೂರದಿಂದ, ಅದೇ ಸ್ವರ ನೆರಳಿನ ಹಾಗೆ ಕೇಳಿಸುತ್ತದೆ. ತಾಂತ್ರಿಕವಾಗಿ ಅದು ದೋಷ. ನನಗೆ ಆ ಒಂದು ನೆರಳಿಗೇ ಈ ತಟ್ಟೆ ಬೇಕು.

ಫ್ಯಾನ್ ಇನ್ನೊಮ್ಮೆ ನಿಲ್ಲಿಸಿ. ಸೂಜಿ ಇಳಿಸುತ್ತಿದ್ದೇನೆ.